ರೆಕ್ಕೆಗೆ ಅರಿಶಿನ ಕುಂಕುಮ

ಕಳೆದ ತಿಂಗಳ ಎರಡನೇ ಮಂಗಳವಾರ ಸಂಜೆ ನಾಲ್ಕೂ ಮುಕ್ಕಾಲಿಗೆ, ನಮ್ಮೂರು ಅರಕೆರೆಯ ಹದಿನಾಲ್ಕು ಹೆಂಗಸರು ಸೇರಿ ನನ್ನ ವಿಮಾನದ ರೆಕ್ಕೆಗೆ ಮಂಗಳಾರತಿ ಎತ್ತಿದರು.

(ಹದಿನಾಲ್ಕೇ. ಎರಡು ಸಲ ಎಣಿಸಿದ್ದೇನೆ. ಡೈರಿಯಲ್ಲಿದೆ.)

ನಗಬೇಡಿ. ನಾನು ಇಂಗ್ಲೆಂಡಿಗೆ ಹೋಗುವುದೋ ಇಲ್ಲವೋ ಎಂಬುದು ಆ ಸಂಜೆಯ ಮೇಲೆ ನಿಂತಿತ್ತು.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ಗೊತ್ತು, ನಾನು ಬೆಂಗಳೂರಿನಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹೊಸಬರಿಗೆ ಒಂದು ಮಾತು: ಇದು ವಿಮಾನ ಓಡಿಸುವ ಓದಲ್ಲ. ವಿಮಾನ ಯಾಕೆ ಬೀಳುವುದಿಲ್ಲ ಎಂದು ತಿಳಿದುಕೊಳ್ಳುವ ಓದು. (ಆದರೂ "ನಮ್ಮೂರ ಮೇಲೆ ಹೋಗೋವಾಗ ಕೈ ಬೀಸು" ಎಂದು ನನಗೆ ಹೇಳಿದವರ ಸಂಖ್ಯೆ ಈ ವಾರಕ್ಕೆ ಇಪ್ಪತ್ತೆರಡು.)

ನಮ್ಮ ಕೋರ್ಸಿನಲ್ಲಿ ಒಂದು ವರ್ಷವನ್ನು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಓದಬಹುದು. ಖರ್ಚೆಲ್ಲ ಅವರದೇ. ಸೀಟು ಒಂದು. ಅರ್ಜಿ ಐದು. ಷರತ್ತು ಏನೆಂದರೆ, ಸ್ವಂತವಾಗಿ ಮಾಡಿದ ಒಂದು ಪ್ರಯೋಗದ ವರದಿಯನ್ನು ಫೋಟೋ ಸಮೇತ ಶುಕ್ರವಾರದೊಳಗೆ ಕೊಡಬೇಕು.

ನನ್ನ ಪ್ರಯೋಗ ಸರಳ. ರೆಕ್ಕೆಯನ್ನು ಎದುರು ಗಾಳಿಗೆ ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ ಹೋದರೆ, ಒಂದು ಹಂತದವರೆಗೆ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡೇ ಹರಿಯುತ್ತದೆ. ಆಮೇಲೆ ತಟ್ಟನೆ ಬೆನ್ನು ಬಿಟ್ಟು ಸುಳಿ ಹೊಡೆಯುತ್ತದೆ. ಅಲ್ಲಿಗೆ ವಿಮಾನ ಹಾರುವುದನ್ನು ಮರೆಯುತ್ತದೆ. ಆ ಹಂತ ಎಷ್ಟು ಡಿಗ್ರಿ? ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು.

ಇದಕ್ಕೆ ಕಾಲೇಜಿನಲ್ಲಿ ವಿಂಡ್ ಟನಲ್ ಇದೆ. ಅಂದರೆ ಒಂದು ದೊಡ್ಡ ಕೊಳವೆ, ಅದರ ತುದಿಗೊಂದು ಫ್ಯಾನು. ಅದರ ಮುಂದೆ ಸರದಿ. ನನ್ನ ಸರದಿ ಬರುವುದು ಶುಕ್ರವಾರ ಕಳೆದು ಸೋಮವಾರ! ಯಾರಾದರೂ ಅದಲು ಬದಲು ಮಾಡಿಕೊಳ್ಳುತ್ತೀರಾ ಎಂದು ಒಂಬತ್ತು ಮಂದಿಯನ್ನು ಕೇಳಿದೆ. ಸಿಕ್ಕ "ಸಾರಿ"ಗಳು ಒಂಬತ್ತು.

ಗಾಳಿ ಸಿಗದಿದ್ದರೆ ಬಿಡಿ, ನೀರು ಸಿಗುತ್ತದಲ್ಲ? ನಿಧಾನಕ್ಕೆ ಹರಿಯುವ ನೀರೂ ಗಾಳಿಯೂ ಈ ವಿಷಯದಲ್ಲಿ ಅಕ್ಕತಂಗಿಯರು. ಮತ್ತೆ ಅರಕೆರೆಯವಳು ನೀರಿಗೆ ಬೇರೆ ಊರು ಹುಡುಕಬೇಕೇ? (ನಾಗಮಂಗಲದ ಕಡೆಯ ಓದುಗರು ಕ್ಷಮಿಸಬೇಕು. ಮಳೆ ನಂಬಿ ಬದುಕುವ ನಿಮ್ಮ ಮುಂದೆ ನಾಲೆಯ ಜಂಬ ಕೊಚ್ಚಬಾರದು.)

ಸೋಮವಾರ ರಾತ್ರಿಯೇ ಮೊಣಕೈ ಉದ್ದದ ಮರದ ರೆಕ್ಕೆಯನ್ನು ಬ್ಯಾಗಿಗೆ ತುರುಕಿಕೊಂಡು ಊರಿಗೆ ಬಂದೆ. ಬೆಳಗ್ಗೆ ನೇರ ಕಾಳಣ್ಣನ ಹತ್ತಿರ ಹೋದೆ. ಕಾಳಣ್ಣ ನಮ್ಮ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂಬುದು ಅವನ ಕೈಯಲ್ಲಿ. ತೂಬು ತೆಗೆಯುವವನು ಅವನೇ, ಮುಚ್ಚುವವನೂ ಅವನೇ.

"ಏನಮ್ಮಿ ಇದು, ಮೀನಿದ್ದಂಗೈತೆ?"

"ವಿಮಾನದ ರೆಕ್ಕೆ ಕಾಳಣ್ಣ."

"ಇನ್ನೊಂದೆಲ್ಲಿ?"

"ಒಂದೇ ಸಾಕು."

"ಒಂದ್ ರೆಕ್ಕೇಲಿ ಯಾವ್ ಕೋಳಿ ಆರ್ತದಮ್ಮಿ?"

ವಿಷಯ ಹೇಳಿದೆ. ಒಂದು ಗಂಟೆ ಕಾಲ ಕಾಲುವೆಯಲ್ಲಿ ನೀರು ಅಲೆಯಿಲ್ಲದೆ, ಒಂದೇ ಸಮ, ನಿಧಾನಕ್ಕೆ ಹರಿಯಬೇಕು. ಅಂದರೆ ತೂಬು ಅರ್ಧ ಮುಚ್ಚಬೇಕು. ಅಂದರೆ ಯಾರದೋ ಸರದಿಯ ನೀರು ಕಡಿಮೆಯಾಗುತ್ತದೆ. ಮಂಗಳವಾರ ಮಧ್ಯಾಹ್ನದ ಸರದಿ ನಮ್ಮ ಬೀದಿಯ ತಾಯಕ್ಕನದು. ಅವಳ ಭತ್ತದ ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಪೈರು ಆಗಷ್ಟೇ ತಲೆ ಎತ್ತಿತ್ತು.

"ಇವ್ಳ ಮರದ್ ತುಂಡ್ಗೆ ನನ್ ಸರ್ದಿ ನೀರಾ?" ತಾಯಕ್ಕ ಸೊಂಟಕ್ಕೆ ಕೈ ಕೊಟ್ಟಳು. "ಎಷ್ಟೊತ್ತು?"

"ಒಂದು ಗಂಟೆ ತಾಯಕ್ಕ. ಮೂರೂವರೆಯಿಂದ ನಾಲ್ಕೂವರೆ."

"ಅದ್ರಿಂದ ನಿನ್ಗೇನ್ ಸಿಗ್ತದೆ?"

"ಸರಿಹೋದರೆ ಒಂದು ವರ್ಷ ಇಂಗ್ಲೆಂಡು."

ತಾಯಕ್ಕ ಲೆಕ್ಕ ಹಾಕಿದಳು. "ಒಂದ್ ಗಂಟೆ ನೀರ್ಗೆ ಒಂದ್ ವರ್ಸ ಪರದೇಸ್ವಾ? ಬುಡು ಕಾಳಣ್ಣ ಅತ್ಲಾಗೆ. ನನ್ ಒಟ್ಲೇನ್ ಒಂದ್ ಗಂಟೆಗೆ ಒಣಗೋಗಲ್ಲ."

ಬೆಂಗಳೂರಿನಲ್ಲಿ ಕೇಳಿದ್ದು ಒಂಬತ್ತು ಮಂದಿಯನ್ನು, ಸಿಕ್ಕ ಸರದಿ ಸೊನ್ನೆ. ಅರಕೆರೆಯಲ್ಲಿ ಕೇಳಿದ್ದು ಒಬ್ಬರನ್ನು, ಸಿಕ್ಕ ಸರದಿ ಒಂದು. (ಇದಕ್ಕೆ ನಾನು ಏನೂ ಸೇರಿಸುವುದಿಲ್ಲ.)

ಕಾಲುವೆಯ ತಳದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಬಣ್ಣ ಚೆನ್ನಾಗಿ ಕಾಣಲೆಂದು, ಬೆಳಗ್ಗೆ ನೀರು ಬಿಡುವ ಮುಂಚೆ ಅದಕ್ಕೆ ಸುಣ್ಣ ಬಳಿದಿದ್ದೆ. ಮಧ್ಯಾಹ್ನ ಕಾಳಣ್ಣ ತೂಬಿನ ಹಲಗೆಯನ್ನು ಬೆರಳಗಲ ಇಳಿಸಿದ. ಒಂದು ಹಿಡಿ ಭತ್ತದ ಹೊಟ್ಟನ್ನು ನೀರಿಗೆ ಎಸೆದು ನೋಡಿದ. ಹೊಟ್ಟು ಸುತ್ತಿತು. ಇನ್ನಷ್ಟು ಇಳಿಸಿದ, ಮತ್ತೆ ಹೊಟ್ಟು ಎಸೆದ. ಐದನೇ ಹಿಡಿಗೆ ಹೊಟ್ಟು ಗೆರೆ ಎಳೆದ ಹಾಗೆ ನೇರ ಹೋಯಿತು.

"ಈಗ ಮಲೀಕತು ನೋಡು ನೀರು" ಅಂದ.

ಕಾಲೇಜಿನಲ್ಲಿ ಇದಕ್ಕೆ ಮೂರು ಮೀಟರು, ಒಂದು ಪುಸ್ತಕ ಬೇಕು.

ರೆಕ್ಕೆಯನ್ನು ಕಾಲುವೆಯ ನಡುವೆ ನಿಲ್ಲಿಸಿದೆ. ನೀರಿನ ದಾರಿ ಕಾಣಲು ಮೊದಲು ಪೆನ್ನಿನ ಇಂಕು ಬಿಟ್ಟೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮನೆಗೆ ಓಡಿ ಅಮ್ಮನ ದೇವರ ಗೂಡಿಗೆ ಕೈ ಹಾಕಿದೆ. ಅರಿಶಿನ, ಕುಂಕುಮ! ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಇಳಿಬಿಟ್ಟೆ. ರೆಕ್ಕೆಯ ಬೆನ್ನಿನ ಕಡೆ ಹಳದಿ, ಹೊಟ್ಟೆಯ ಕಡೆ ಕೆಂಪು. ಎರಡು ಎಳೆ ಸುಂದರವಾಗಿ ಹರಿದವು.

ಕ್ಯಾಮೆರಾದಲ್ಲಿ ಮೂವತ್ತಾರರ ರೋಲು. ಸೊನ್ನೆ, ಎರಡು, ನಾಲ್ಕು, ಆರು, ಎಂಟು ಡಿಗ್ರಿ. ಒಂದೊಂದಕ್ಕೆ ಮೂರು ಫೋಟೋ. ಒಟ್ಟು ಹದಿನೈದು. ನೀರು ಬೆನ್ನು ಬಿಡಲೇ ಇಲ್ಲ.

ಕಾಳಣ್ಣ ಅಂಗೈಯನ್ನು ನೀರಿನಲ್ಲಿ ನಿಲ್ಲಿಸಿ ಮೆಲ್ಲಗೆ ತಿರುಗಿಸಿದ. "ಹಲಗೆ ಇಷ್ಟ್ ಓರೆ ಆದ್ರೆ ಇಂದ್ಗಡೆ ಸುಳಿ ಬೀಳ್ತದೆ. ನಿನ್ ರೆಕ್ಕೆನೂ ಇಷ್ಟಕ್ಕೇ ಬುಡದು." ಅವನ ಕೈಗೆ ಕೋನಮಾಪಕ ಹಿಡಿದೆ. ಹನ್ನೊಂದು ಡಿಗ್ರಿ. ಬರೆದುಕೊಂಡೆ. (ನಂಬಲಿಲ್ಲ, ಆದರೂ ಬರೆದುಕೊಂಡೆ.)

ನಾನು ಮರೆತದ್ದು ಒಂದೇ. ಕಾಲುವೆ ಮುಂದಕ್ಕೂ ಹರಿಯುತ್ತದೆ.

ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದವರ ಮುಂದೆ ಅರಿಶಿನ ಬಂತು. ಹಿಂದೆಯೇ ಕುಂಕುಮ ಬಂತು. ನಮ್ಮಲ್ಲಿ ನಾಲೆಗೆ ಹೊಸ ನೀರು ಬಂದಾಗ ಹೆಂಗಸರೆಲ್ಲ ಸೇರಿ ಗಂಗಮ್ಮನ ಪೂಜೆ ಮಾಡುವುದುಂಟು. ಒಬ್ಬರನ್ನು ಕರೆಯದೆ ಮಾಡಿದರೆ ಮೂರು ವರ್ಷದ ಮುನಿಸು. ಅಂಥದ್ದರಲ್ಲಿ ಇಡೀ ಕೆಳಗಿನ ಬೀದಿಯನ್ನೇ ಬಿಟ್ಟು ಪೂಜೆಯೇ?

ಹತ್ತು ನಿಮಿಷದಲ್ಲಿ ಕಾಯಿ, ಹೂವು, ಕರ್ಪೂರದ ತಟ್ಟೆ ಹಿಡಿದು ಬಂದೇಬಿಟ್ಟರು. ಮುಂದೆ ನಿಂಗಮ್ಮಜ್ಜಿ.

"ಅಲ್ಲಾ, ಗಂಗಮ್ಮನ್ ಪೂಜೆ ಮಾಡ್ತಾ ಅವ್ರೆ, ಊರ್ಗೊಂದ್ ಮಾತ್ ಬ್ಯಾಡ್ವಾ? ನಾವೇನ್ ಸತ್ತೋಗಿದ್ವಾ?"

"ಅಜ್ಜಿ, ಇದು ಪೂಜೆ ಅಲ್ಲ. ಪ್ರಯೋಗ."

"ಕಲ್ಗೆ ಸುಣ್ಣ ಬಳ್ದಿದ್ದೀಯ?"

"ಹೌದು."

"ಅರಿಸ್ನ ಕುಂಕ್ಮ ಬುಟ್ಟಿದ್ದೀಯ?"

"ಹೌದು."

"ಬೆಳಗ್ಗಿಂದ ಹೊಟ್ಟೆಗಿಲ್ದೆ, ನೀರನ್ನೇ ನೋಡ್ತಾ ಒಂದೇ ಗ್ಯಾನ್ದಲ್ಲಿ ಕುಂತಿದ್ದೀಯ?"

"...ಹೌದು."

"ಇನ್ನೇನಮ್ಮಿ ಪೂಜೆ ಅಂದ್ರೆ?"

ಡೈರಿ ತೆಗೆದು ಆ ಪ್ರಶ್ನೆಯನ್ನೂ ಬರೆದುಕೊಂಡೆ.

ಅಷ್ಟರಲ್ಲಿ ಇಬ್ಬರು ಕಾಲುವೆಗೆ ಇಳಿದೇಬಿಟ್ಟರು. ಕೆಸರೆದ್ದಿತು. ಚೆಂಡುಹೂವು ಬಂದು ರೆಕ್ಕೆಗೆ ಡಿಕ್ಕಿ ಹೊಡೆಯಿತು. ಗಾಬರಿಯಲ್ಲಿ ಒತ್ತಿದ ಫೋಟೋ ಆರು, ಆರೂ ಹಾಳು. ಗಂಟೆ ನಾಲ್ಕೂ ಹತ್ತು. ತಾಯಕ್ಕ ಕೊಟ್ಟ ಹೊತ್ತು ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಬಿಸಿಲೂ ಓರೆಯಾಗುತ್ತಿತ್ತು. ನನ್ನ ಇಂಗ್ಲೆಂಡು ಚೆಂಡುಹೂವಿನ ಜೊತೆ ತೇಲಿಹೋಗುವುದು ಕಣ್ಣಿಗೆ ಕಂಡಿತು. ಅಳು ಬಂತು. (ಒಂದು ಸಲ. ಚಿಕ್ಕದು.)

ಕಾಳಣ್ಣ ಎದ್ದು ನಿಂತ.

"ಏಯ್, ಮೇಲಕ್ ಬನ್ರವ್ವ! ಗಂಗಮ್ಮನ್ಗೆ ಅಲಂಕಾರ ನಡೀತಾ ಐತೆ. ಅಲಂಕಾರ ಮುಗ್ಯೋಗಂಟ ಯಾರೂ ನೀರ್ ಮುಟ್ಟಂಗಿಲ್ಲ. ಆಮೇಲೆ ಪೂಜೆ."

ಇಳಿದಿದ್ದ ಇಬ್ಬರೂ ಸೇರಿ ಹದಿನಾಲ್ಕು ಹೆಂಗಸರೂ ಒಂದೇ ಏಟಿಗೆ ದಡದ ಮೇಲೆ! ಮಾತಿಲ್ಲ. ಕದಲಿಕೆಯಿಲ್ಲ. ಐದು ನಿಮಿಷದಲ್ಲಿ ನೀರು ಮತ್ತೆ ಮಲಗಿತು.

ಆದರೆ ನನ್ನ ಅರಿಶಿನದ ಗಂಟು ನೆನೆದು ಬಿಚ್ಚಿಕೊಂಡಿತ್ತು. ಕೈಯಲ್ಲಿ ಉದುರಿಸಿದರೆ ಮುದ್ದೆ ಮುದ್ದೆ ಬೀಳುತ್ತಿತ್ತು.

"ಈಚೆ ಕೊಡಮ್ಮಿ" ಎಂದು, ಸರದಿ ನೀರಿಗೆ ಕಾಯುತ್ತ ಗುಂಪಿನಲ್ಲಿ ಸೇರಿದ್ದ ತಾಯಕ್ಕ ದಡದಲ್ಲಿ ಕುಕ್ಕರಿಸಿದಳು. ಹೆಬ್ಬೆರಳು ತೋರುಬೆರಳ ನಡುವೆ ಅರಿಶಿನ ಹಿಡಿದು ನೀರಿಗೆ ಬಿಟ್ಟಳು. ರಂಗೋಲಿ ಬಿಡುವ ಹಾಗೆ. ದಿನಾ ಬೆಳಗ್ಗೆ ಬಾಗಿಲ ಮುಂದೆ ಎಳೆ ಎಳೆದ ಕೈ ಅದು. ನೂಲಿನಂಥ ಹಳದಿ ಗೆರೆ, ಎಲ್ಲೂ ತುಂಡಾಗದೆ, ರೆಕ್ಕೆಯ ಮೂಗಿಗೆ ನೇರ ಹೋಗಿ ಬೆನ್ನ ಮೇಲೆ ಜಾರಿತು.

ಹತ್ತು ಡಿಗ್ರಿ. ಅಂಟಿಕೊಂಡೇ ಇತ್ತು. ಕ್ಲಿಕ್.

ಹನ್ನೆರಡು ಡಿಗ್ರಿ. ಗೆರೆ ಬೆನ್ನು ಬಿಟ್ಟು ಎದ್ದು, ಸುರುಳಿ ಸುತ್ತಿ, ಹಳದಿ ಚಕ್ಕುಲಿಯಾಯಿತು!

"ಅಯ್ಯೋ, ಬುಟ್ಬುಡ್ತು!" ಹದಿನಾಲ್ಕು ಗಂಟಲು ಒಟ್ಟಿಗೆ.

ಮತ್ತೆ ಹತ್ತಕ್ಕೆ ತಿರುಗಿಸಿದೆ. "ಅಂಟ್ಕತು!" ಹನ್ನೆರಡು. "ಬುಟ್ಬುಡ್ತು!" ಹತ್ತು. "ಅಂಟ್ಕತು!" ನಾನು ಸುಮ್ಮನೆ ಆ ಕೂಗಿಗೋಸ್ಕರ ಏಳು ಸಲ ತಿರುಗಿಸಿದೆ. ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎಷ್ಟು? ಹನ್ನೊಂದು! ಕಾಳಣ್ಣನ ಅಂಗೈ! ಖುಷಿಗೆ ಎಗರಿದೆ. ಕ್ಯಾಮೆರಾ ದಡದಲ್ಲಿ ಉಳಿಯಿತು, ನಾನು ಕಾಲುವೆಗೆ ಬಿದ್ದೆ.

ಆಮೇಲೆ ಆರತಿ. ನಿಂಗಮ್ಮಜ್ಜಿ ಮೊದಲು ಗಂಗಮ್ಮನಿಗೆ ಎತ್ತಿದರು, ಆಮೇಲೆ ರೆಕ್ಕೆಗೆ, ಕೊನೆಗೆ ತೊಪ್ಪೆಯಾಗಿದ್ದ ನನಗೆ. ತಾಯಕ್ಕನ ನೀರಿಗೆ ಹದಿನೈದು ನಿಮಿಷ ತಡವಾಯಿತು. ಆದರೂ ಕಾಯಿ ಒಡೆದವಳೇ ಅವಳು.

ಬುಧವಾರ ಮೊದಲ ಬಸ್ಸಿಗೆ ಶ್ರೀರಂಗಪಟ್ಟಣ. ಅಲ್ಲಿ ಸ್ಟುಡಿಯೋ ಇಟ್ಟಿರುವ ರಹಮತ್ ಚಾಚಾ ರೋಲು ತೊಳೆಸಿ, ಗುರುವಾರ ಬೆಳಗ್ಗೆ ಪ್ರಿಂಟುಗಳನ್ನು ಹರಡಿಕೊಂಡು ಕೂತಿದ್ದರು.

"ಅರೆ ಬೇಟಿ, ಶಾದಿ ಫೋಟೋ ಅಂದ್ಕೊಂಡೆ. ಅರಿಶ್ಣ ಐತೆ, ಹೂ ಐತೆ, ಹೆಂಗಸ್ರು ಅವ್ರೆ. ದುಲ್ಹಾ ಮಾತ್ರ ಮರದ್ದು!"

ಹನ್ನೆರಡು ಡಿಗ್ರಿಯ ಸ್ಪಷ್ಟ ಫೋಟೋ ಒಂದೇ ಇತ್ತು. ಅದರ ಮೂಲೆಯಲ್ಲಿ ಬಳೆ ತೊಟ್ಟ ತಾಯಕ್ಕನ ಕೈ, ಪಕ್ಕದಲ್ಲಿ ಒಂದು ತೆಂಗಿನಕಾಯಿ.

"ಕೈನೂ ಕಾಯ್ನೂ ಕಟ್ ಮಾಡ್ಲಾ? ಸಾಫ್ ಆಗ್ತದೆ" ಅಂದರು ಚಾಚಾ.

ಯೋಚಿಸಿದೆ. ವಿಜ್ಞಾನದ ವರದಿಯಲ್ಲಿ ತೆಂಗಿನಕಾಯಿ ಇರಬಾರದು. ನೋಡಿದವರು ನಗುತ್ತಾರೆ, ಸೀಟು ಹೋಗುತ್ತದೆ. ಆದರೆ ಆ ಗೆರೆ ಶುರುವಾಗುವುದೇ ಆ ಕೈಯಿಂದ. ಕೈ ಕತ್ತರಿಸಿದರೆ ಗೆರೆ ಎಲ್ಲಿಂದ ಬಂತು ಅನ್ನಲಿ?

"ಬೇಡ ಚಾಚಾ" ಅಂದೆ.

ವರದಿಯಲ್ಲಿ ಬರೆದೆ: ನೀರಿನ ನಿಯಂತ್ರಣ, ಕಾಳಣ್ಣ. ಬಣ್ಣ ಬಿಟ್ಟವರು, ತಾಯಕ್ಕ. ಶುಕ್ರವಾರ ಮಧ್ಯಾಹ್ನ ಕೊಟ್ಟು ಬಂದೆ. ಆಮೇಲೆ ಇಪ್ಪತ್ತಾರು ದಿನ ಕಾದೆ. ಆ ವರದಿಯನ್ನು ಮನಸ್ಸಿನಲ್ಲೇ ವಾಪಸ್ ಕಿತ್ತುಕೊಂಡದ್ದಕ್ಕೆ ಲೆಕ್ಕ ಇಟ್ಟಿಲ್ಲ.

ಮೊನ್ನೆ ರಜೆಗೆಂದು ಊರಲ್ಲಿದ್ದಾಗ, ಬಸ್ ಸ್ಟಾಂಡಿನ ಎಸ್‌ಟಿಡಿ ಬೂತಿಗೆ ನಮ್ಮ ಕಾಲೇಜಿನ ಮೇಷ್ಟ್ರು ಫೋನ್ ಮಾಡಿದರು. ಇಂಗ್ಲೆಂಡಿನಿಂದ ಫ್ಯಾಕ್ಸ್ ಬಂದಿದೆಯಂತೆ. ಓದಿ ಹೇಳಿದರು. ಸೀಟು ನನಗೆ! ಕೆಳಗೆ ಎರಡು ಸಾಲು ಬೇರೆ. ಇಷ್ಟು ತೆಳುವಾದ ಗೆರೆ ಎಳೆದ ಆ ಕೈ ಯಾರದು? ಆ ಹಳದಿ ಬಣ್ಣ ನಮ್ಮಲ್ಲಿಲ್ಲ, ಬರುವಾಗ ತರಲು ಸಾಧ್ಯವೇ?

ಬೂತಿನಿಂದ ತಾಯಕ್ಕನ ಮನೆಯವರೆಗೆ ಓಡಿದೆ. (ಚಪ್ಪಲಿ ಒಂದು ಅಲ್ಲೇ ಉಳಿಯಿತು.) ಹೇಳಿದೆ. ತಾಯಕ್ಕ ತನ್ನ ಕೈಯನ್ನು ಆಕಡೆ ಈಕಡೆ ತಿರುಗಿಸಿ ನೋಡಿಕೊಂಡಳು. "ಇಂಗ್ಲೆಂಡ್ನೋರು ಕೇಳುದ್ರಾ? ಬಳೆ ಹಳೇದಿತ್ತಲ್ಲಮ್ಮಿ" ಅಂದಳು.

ಕಾಳಣ್ಣನದು ಒಂದೇ ಮಾತು: "ಹೋದೇಟ್ಗೆ ಅಲ್ಲಿ ನೀರ್ಗಂಟಿ ಯಾರು ಅಂತ ಕೇಳ್ಕೊ. ಅವ್ನ್ ಕೂಟೆ ಚೆನ್ನಾಗಿರು."

ಈಗ ಅಮ್ಮ ಅರಿಶಿನದ ಕೊಂಬು ಕುಟ್ಟುತ್ತಿದ್ದಾಳೆ. ಸೂಟ್‌ಕೇಸಿನಲ್ಲಿ ಮೂರು ಡಬ್ಬಿಗೆ ಜಾಗ ಬಿಟ್ಟಿದ್ದೇನೆ. ಎರಡು ಪ್ರಯೋಗಕ್ಕೆ, ಒಂದು ಬೇಳೆ ಸಾರಿಗೆ. ಎಲ್ಲ ಪಟ್ಟಿ ಮಾಡಿ ಟಿಕ್ ಹಾಕಿಯಾಯಿತು, ಒಂದು ಪ್ರಶ್ನೆ ಮಾತ್ರ ಬಾಕಿ.

ಇಂಗ್ಲೆಂಡಿನ ನೀರಿಗೆ ನಾನು ಅರಿಶಿನ ಬಿಟ್ಟ ದಿನ, ಕೆಳಗಿನ ಬೀದಿಯಿಂದ ಕಾಯಿ ಹಿಡಿದು ಜಗಳಕ್ಕೆ ಓಡಿಬರಲು ಅಲ್ಲಿ ಯಾರಿದ್ದಾರೆ?