ಗೋಡೆಗೆ ನೀರು ಕುಡಿಸುವ ಬೀರವ್ವ

ಸೂರ್ಯ ಇನ್ನೂ ಮೂಡಿಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯ ಬದಿಯಲ್ಲಿ, ಇನ್ನೂ ಮಾಡು ಕಾಣದ ಧರ್ಮಶಾಲೆಯ ಗೋಡೆಗೆ ಬೀರವ್ವ ನೀರು ಸುರಿಯುತ್ತಿದ್ದಾಳೆ. ಮೊದಲು ಗೋಡೆಗೆ ಹೊದಿಸಿದ ಗೋಣಿತಟ್ಟನ್ನು ತೋಯಿಸುತ್ತಾಳೆ, ಆಮೇಲೆ ಕಲ್ಲಿನ ಸಂದುಗಳಿಗೆ ಅಂಗೈಯಿಂದ ಚಿಮುಕಿಸುತ್ತಾಳೆ. ಬಾವಿ ನೂರು ಹೆಜ್ಜೆ ದೂರ. ಬೆಳಗ್ಗೆ ಮೂವತ್ತು ಕೊಡ, ಸಂಜೆ ಮೂವತ್ತು. ವೈಶಾಖದ ಈ ಬಿಸಿಲಿಗೆ ಅದೂ ಸಾಲದು ಎನ್ನುತ್ತಾಳೆ.

ನಲವತ್ತು ದಾಟಿದ ಈ ಹೆಣ್ಣುಮಗಳು ಹನ್ನೆರಡು ದಿನಗಳಿಂದ ಕೂಲಿಯಿಲ್ಲದೆ ಈ ಕೆಲಸ ಮಾಡುತ್ತಿದ್ದಾಳೆಂದು ಕೇಳಿ, ಪತ್ರಿಕೆಗೆ ಬರೆಯಲು ನಾನು ಬಂದಿದ್ದೇನೆ. ಹುಚ್ಚಿಯಿರಬೇಕು ಅಂದುಕೊಂಡೇ ಬಂದೆ, ಸುಳ್ಳೇಕೆ ಹೇಳಲಿ.

ಜೋಳ ಹೇರಿಕೊಂಡು ಪೇಟೆಗೆ ಬರುವ ರೈತರು ತಂಗಲೆಂದು ಮಂದ್ರೂಪದ ಕಡೆಯ ಜಮೀನುದಾರರ ಮಂಡಳಿಯೊಂದು ಈ ಧರ್ಮಶಾಲೆ ಕಟ್ಟಿಸುತ್ತಿದೆ. ಮೂವರು ಗುತ್ತಿಗೆದಾರರು ದರ ಬರೆದ ಲಕೋಟೆ ಕೊಟ್ಟಿದ್ದರು. ಎಲ್ಲರಿಗಿಂತ ಕಡಿಮೆ ಬರೆದ ಚನ್ನವೀರಪ್ಪನಿಗೆ ಕೆಲಸ ಸಿಕ್ಕಿತು. ಯಾಕೆ ಕಡಿಮೆ ಎಂದು ಕೇಳುವ ಗೋಜಿಗೆ ಮಂಡಳಿಯಲ್ಲಿ ಯಾರೂ ಹೋಗಲಿಲ್ಲ. ಸುಣ್ಣದ ಗಾರೆ ಗಟ್ಟಿಯಾಗಲು ಇಪ್ಪತ್ತೊಂದು ದಿನ ತೇವ ಬೇಕು. ಚನ್ನವೀರಪ್ಪ ಹಣ ಹಿಡಿದದ್ದು ಏಳೇ ದಿನದ ನೀರಿಗೆ. ಎಂಟನೆಯ ದಿನ ಬೀರವ್ವನಿಗೆ ಇನ್ನು ಬರಬೇಡ ಎಂದುಬಿಟ್ಟ.

ಅವನೇನು ಕಟುಕನಲ್ಲ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: "ಇಪ್ಪತ್ತೊಂದು ದಿನದ ನೀರು ಹಿಡಿದಿದ್ರ ಈ ಗುತ್ತಿಗಿ ನನಗ ಸಿಗ್ತಿದ್ದಿಲ್ರಿ. ನೀರು ಹಾಕಿದ್ದು ಯಾರ ಕಣ್ಣಿಗಿ ಕಾಣ್ತದ?"

ಬೀರವ್ವನ ಕಣ್ಣಿಗೆ ಕಾಣುತ್ತದೆ. ಆಕೆಯ ಗಂಡ ಅಮೋಗಸಿದ್ಧ ಗೋಡೆ ಕಟ್ಟುವ ಗೌಂಡಿಯಾಗಿದ್ದ. ಕುರಿ ಮಾರಿ ಊರು ಬಿಟ್ಟ ಮೇಲೆ ಇಬ್ಬರೂ ಕಟ್ಟಡದ ಕೆಲಸ ಹಿಡಿದರು. ಆರು ವರ್ಷದ ಹಿಂದೆ, ೧೯೨೮ರಲ್ಲಿ, ಅಕ್ಕಲಕೋಟೆಯಲ್ಲಿ ಸರಕು ತುಂಬುವ ಒಂದು ವಖಾರಿಗೆ ಇಂಥದೇ ಅಗ್ಗದ ಗುತ್ತಿಗೆ. ಐದನೆಯ ದಿನಕ್ಕೇ ನೀರು ನಿಲ್ಲಿಸೆಂದರು. ತೊಲೆ ಏರಿಸುವಾಗ ಗೋಡೆ ಕುಸಿದು ಅಮೋಗಸಿದ್ಧನ ಬಲಗೈ ಹೋಯಿತು. ಅಲ್ಲಿ ನೀರು ಹಾಕುತ್ತಿದ್ದವಳು ಬೀರವ್ವನೇ.

"ಬ್ಯಾರೇದವರ ತಪ್ಪು ಅಂತ ಅನಬಹುದ್ರಿ. ಆದ್ರ ಕೊಡ ನನ್ನ ಕೈಯಾಗ ಇತ್ತು."

ಈಗ ಹಗಲೆಲ್ಲ ಇನ್ನೊಂದು ಕಡೆ ಮಣ್ಣು ಹೊರುತ್ತಾಳೆ, ಕೂಲಿ ನಾಲ್ಕಾಣೆ. ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ ಇಲ್ಲಿ ದುಡಿತ. ಒಬ್ಬಳ ಕೈಯಲ್ಲಿ ನಾಲ್ಕು ಗೋಡೆ ಆಗುವುದಿಲ್ಲ. ಮೂರನ್ನು ನೋಡಿಕೊಂಡಿದ್ದಾಳೆ, ಹಿಂಬದಿಯ ಗೋಡೆ ಒಣಗಿದೆ.

ಗೋಡೆ ಕಟ್ಟಿ ಇಂದಿಗೆ ಹತ್ತೊಂಬತ್ತನೆಯ ದಿನ. ಬಿಸಿಲೇರುವ ಮುಂಚೆಯೇ ಚನ್ನವೀರಪ್ಪ ತೊಲೆಗಳ ಗಾಡಿಯೊಂದಿಗೆ ಬರುತ್ತಾನೆ. ಇಂದೇ ಏರಿಸಬೇಕಂತೆ. ನಾಲ್ವರು ಗೌಂಡಿಗಳು ಹಿಂದಿನ ಗೋಡೆಯ ಅಟ್ಟಣಿಗೆ ಹತ್ತುತ್ತಾರೆ. ಬೀರವ್ವ ಜಗಳಕ್ಕೆ ನಿಲ್ಲುವುದಿಲ್ಲ. ಒಂದು ಮೊಳೆಯನ್ನು ಅವನ ಕೈಗಿತ್ತು, ಮುಂದಿನ ಗೋಡೆಯ ಸಂದು ಕೆರೆದು ನೋಡು ಎನ್ನುತ್ತಾಳೆ. ಮೊಳೆ ಜಾರುತ್ತದೆ, ಬರೀ ಗೀಟು ಬೀಳುತ್ತದೆ. ಆಮೇಲೆ ಹಿಂದಿನ ಗೋಡೆಗೆ ಕರೆದೊಯ್ಯುತ್ತಾಳೆ. ಅಲ್ಲಿ ಕೆರೆದಷ್ಟೂ ಗಾರೆ ಜೋಳದ ಹಿಟ್ಟಿನಂತೆ ಉದುರಿ ಅವನ ಅಂಗಿಯ ತೋಳಿಗೆ ಮೆತ್ತುತ್ತದೆ.

ಚನ್ನವೀರಪ್ಪ ಇನ್ನೊಂದು ಸಂದನ್ನೂ ಕೆರೆದು ನೋಡುತ್ತಾನೆ. ನಾಲ್ವರೂ ಇನ್ನೂ ಮೇಲೆಯೇ ನಿಂತಿದ್ದಾರೆ. ಕೊನೆಗೂ ಅವನು ಅವರನ್ನು ಕೆಳಗಿಳಿಸುತ್ತಾನೆ. ಈ ಗೋಡೆ ಬಿಚ್ಚಿ ಮತ್ತೆ ಕಟ್ಟಬೇಕು ಎನ್ನುತ್ತಾನೆ. ಉಳಿಸಿದ ನೀರಿನ ಕೂಲಿಗಿಂತ ಅದರ ಖರ್ಚು ಎಷ್ಟು ಪಟ್ಟೋ, ಮಂಡಳಿಯವರೇ ಲೆಕ್ಕ ಹಾಕಲಿ. ಹೊಸ ಗೋಡೆಗೆ ಮೂರು ವಾರ ನೀರು ಹಾಕಲು ಬೀರವ್ವನನ್ನೇ ಕರೆಯುತ್ತಾನೆ. ಹಿಂದಿನ ಹನ್ನೆರಡು ದಿನದ ಕೂಲಿಯನ್ನೂ ಸೇರಿಸು ಎಂದು ಆಕೆ ನಗುತ್ತಲೇ ಕೇಳುತ್ತಾಳೆ, ಅವನು ಒಪ್ಪುತ್ತಾನೆ. ಹುಚ್ಚಿ ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಪತ್ರಿಕೆಯಲ್ಲಿ ನಿನ್ನ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಬೀರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ.

"ನನ್ನ ಹೆಸರು ಬಿಟ್ರೂ ನಡೀತದರಿ. ಇಪ್ಪತ್ತೊಂದು ದಿನ ನೀರು, ಅದನ್ನ ಬರೀರಿ. ಗುತ್ತಿಗಿ ಕಾಗದದಾಗ ಇಲ್ಲಂದ್ರ ಗ್ವಾಡಿಗಿ ಯಾರೂ ಕುಡಸೂದಿಲ್ಲ. ನಾ ಒಬ್ಬಾಕಿ ಎಷ್ಟು ಗ್ವಾಡಿಗಿ ಅಂತ ನೀರು ಹೊರಲಿ?"