ಕಾಗದದಲ್ಲಿ ಇಲ್ಲದ ಸಾಲು

ದೆವ್ವ, ಗಾಳಿ, ಮಾಟ ಎಂದರೆ ನಗುತ್ತಿದ್ದವಳು ನಾನು. ಹಲಸೂರಿನ ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ಮಾರನೆಯ ದಿನ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣುಗಳು ಬಿದ್ದಿರುತ್ತಿದ್ದವು. ಜನ ಅವನ್ನು ತುಳಿಯದೆ ಸುತ್ತಿಕೊಂಡು ಹೋದರೆ, ನಾನು ಒಳ್ಳೆಯವನ್ನು ಆರಿಸಿ ತಂದು ತೊಳೆದು ಉಪ್ಪಿನಕಾಯಿ ಹಾಕಿದ್ದೇನೆ. ತಿಂದವರಿಗೆ ಏನೂ ಆಗಲಿಲ್ಲ. ಈಗ ಬರೆಯುತ್ತಿರುವುದರಲ್ಲಿ ಸತ್ತವರು ಯಾರೂ ಎದ್ದು ಬರುವುದಿಲ್ಲ. ಬಂದವಳು ಬದುಕಿರುವವಳೇ, ನನ್ನ ಅಕ್ಕ. ಆದರೆ ಅವಳು ಬಂದಿದ್ದಳೋ ಇಲ್ಲವೋ ಎಂಬುದೇ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ರವಿಕೆ ಹೊಲಿದು ಬದುಕುವವಳು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನನ್ನ ತಪ್ಪನ್ನು ಬಿಟ್ಟು ಹೇಳೋಣವೆಂದು ಒಂದೆರಡು ಸಲ ಪ್ರಯತ್ನಪಟ್ಟೆ. ಅದನ್ನು ಬಿಟ್ಟರೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಮನೆ ಅಮ್ಮನ ಹೆಸರಿನಲ್ಲಿತ್ತು. ಅಪ್ಪ ಹೋದ ಮೇಲೆ ಹೂ ಮಾರಿ ಅವಳು ಉಳಿಸಿಕೊಂಡ ಮನೆ ಅದು. ಒಂದರ ಹಿಂದೆ ಒಂದು ಮೂರು ಕೋಣೆ. ಓಣಿಗೆ ಕಿಟಕಿ ಇದ್ದ ಮುಂದಿನ ಕೋಣೆ ಅಕ್ಕನದು. ಅವಳಿಗೆ ಇಪ್ಪತ್ತರ ವಯಸ್ಸಿನಿಂದ ಮೂರ್ಛೆ ರೋಗ. ಅದರಿಂದಾಗಿ ಮದುವೆ ಆಗಲಿಲ್ಲ. ಬುದ್ಧಿಗೇನೂ ಕೊರತೆ ಇರಲಿಲ್ಲ, ನನಗಿಂತ ಚುರುಕು. ಗಂಡನನ್ನು ಕಳೆದುಕೊಂಡು ನಾನೂ ಆ ಮನೆಗೇ ವಾಪಸು ಬಂದೆ. ಕೆಲವು ವರ್ಷಗಳ ಮೇಲೆ ಅಮ್ಮ ಜಾರಿ ಬಿದ್ದು ಹಾಸಿಗೆ ಹಿಡಿದಳು. ಇಬ್ಬರನ್ನೂ ನೋಡಿಕೊಂಡು ಹೊಲಿಗೆಯನ್ನೂ ಮಾಡಲಾರದೆ, ಅಕ್ಕನನ್ನು ಕೆ.ಆರ್. ಪುರದ ಆಚೆ ಇರುವ ಒಂದು ಮಹಿಳೆಯರ ಆಶ್ರಮಕ್ಕೆ ಸೇರಿಸಿದೆ. ಮೂರು ತಿಂಗಳ ಮಟ್ಟಿಗೆ ಎಂದು ಹೇಳಿದ್ದೆ. ಎರಡು ವರ್ಷವಾದರೂ ಕರೆತರಲಿಲ್ಲ.

ಅಮ್ಮನಿಗೆ ಅದೇ ಕೊರಗು. ಒಂದು ದಿನ ನನ್ನನ್ನು ಕರೆದು ಉಯಿಲು ಬರೆಸು ಎಂದಳು. ಮನೆ ನನಗೆ, ಆದರೆ ಮುಂದಿನ ಕೋಣೆಯಲ್ಲಿ ಅಕ್ಕ ಬದುಕಿರುವವರೆಗೂ ಇರಬೇಕು, ಅವಳನ್ನು ಯಾರೂ ಏಳಿಸಕೂಡದು. ಇದು ಅವಳ ಮಾತು. ನಾನು ಟೈಪಿಂಗ್ ಅಂಗಡಿಗೆ ಹೋದೆ. ಟೈಪು ಮಾಡುವವನು, "ಷರತ್ತು ಗಿರತ್ತು ಏನಾದ್ರೂ ಇದೆಯಾಮ್ಮಾ?" ಎಂದು ಕೇಳಿದ. "ಇಲ್ಲ, ಇಷ್ಟೇ," ಎಂದೆ. ಮನೆ ಮಾರಿ ಆ ಓಣಿಯಿಂದ ಹೊರಗೆ ಹೋಗಬೇಕೆಂದು ಆಗಲೇ ನನ್ನ ಮನಸ್ಸಿನಲ್ಲಿತ್ತು. ಒಳಗೆ ಕಾಯಿಲೆಯ ಹೆಂಗಸು ಕೂತಿರುವ ಮನೆಯನ್ನು ಯಾರು ಕೊಳ್ಳುತ್ತಾರೆ?

ಸಹಿಯ ದಿನ ಅಕ್ಕನೂ ಇರಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಕರೆಸುತ್ತೇನೆ ಎಂದವಳು ಬೆಳಿಗ್ಗೆಯೇ ಆಶ್ರಮಕ್ಕೆ ಫೋನು ಮಾಡಿ, ಕಳಿಸಬೇಡಿ ಎಂದೆ. ಅಮ್ಮನಿಗೆ, ನಿನ್ನೆ ಅವಳಿಗೆ ಮೂರ್ಛೆ ಬಂದಿತ್ತಂತೆ ಎಂದು ಸುಳ್ಳು ಹೇಳಿದೆ. ಹನ್ನೊಂದು ಗಂಟೆಗೆ ಸಾಕ್ಷಿಗಳು ಬಂದರು. ಒಬ್ಬರು ಎದುರುಮನೆಯ ಮೇಷ್ಟ್ರು. ಇನ್ನೊಬ್ಬರು ಖಲೀಲ್ ಸಾಬ್. ಶಿವಾಜಿನಗರದಲ್ಲಿ ಹತ್ತಿ ಹಾಸಿಗೆ ಹೊಲಿಸಿ ಮಾರುವವರು, ಅಪ್ಪನ ಸ್ನೇಹಿತರು. ನಾವು ಅವರನ್ನು ಚಾಚಾ ಎಂದೇ ಕರೆಯುವುದು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಮ್ಮನಿಗೆ ಯಾವುದನ್ನೂ ಓದಲು ಬರುತ್ತಿರಲಿಲ್ಲ. ಓದಿ ಹೇಳಲು ಮೇಷ್ಟ್ರು ಕಾಗದಕ್ಕೆ ಕೈ ಚಾಚಿದರು. ಅಮ್ಮ, "ಅವಳೇ ಓದ್ಲಿ ಬಿಡಿ ಮೇಷ್ಟ್ರೇ," ಎಂದಳು.

ಮಂಚದ ಪಕ್ಕ ನಿಂತು ಓದಿದೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುವವಳು ನಾನು, ಯಾರಿಗೂ ಅನುಮಾನ ಬರಲಿಲ್ಲ. ಮನೆ ನನಗೆ ಎಂಬ ಮಾತು ಮುಗಿದ ಕೂಡಲೇ, "ಮುಂದಿನ ಕೋಣೆಯಲ್ಲಿ ನನ್ನ ಹಿರಿಯ ಮಗಳು ತಾನು ಬದುಕಿರುವವರೆಗೂ ಇರತಕ್ಕದ್ದು," ಎಂದು ಓದಿದೆ. ಕಾಗದದಲ್ಲಿ ಆ ಸಾಲು ಇರಲಿಲ್ಲ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಅಮ್ಮ ಸಮಾಧಾನದಿಂದ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಓದಿದ್ದು ಕೇಳಿಯಾಗಿತ್ತಲ್ಲ, ಮೇಷ್ಟ್ರೂ ಕಾಗದವನ್ನು ಮತ್ತೆ ನೋಡಲಿಲ್ಲ; ಸಾಕ್ಷಿಗಳು ತಂತಮ್ಮ ಜಾಗದಲ್ಲಿ ಸಹಿ ಹಾಕಿದರು.

ಆಮೇಲೆ ಟೀ ತಂದೆ. ಎಲ್ಲರಿಗೂ ಕೊಟ್ಟಾದ ಮೇಲೆ ಅಮ್ಮ, "ಅವಳಿಗೂ ಒಂದು ಲೋಟ ಕೊಡೇ," ಎಂದಳು. ಯಾರಿಗೆ ಎಂದೆ. "ನಿಂತಿದಾಳಲ್ಲ," ಎಂದು ನನ್ನ ಹಿಂದೆ ನೋಡಿದಳು. ವಯಸ್ಸಾದವಳ ಮರುಳು ಎಂದುಕೊಂಡು, ಸುಮ್ಮನಾಗಲಿ ಎಂದು ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿ ಕಿಟಕಿಯ ಮೇಲಿಟ್ಟೆ. ಸಾಯಂಕಾಲ ಎಲ್ಲ ಲೋಟಗಳನ್ನೂ ಒಟ್ಟಿಗೆ ತೊಳೆದೆ. ಆ ಲೋಟ ಖಾಲಿಯಾಗಿತ್ತೋ ತುಂಬಿತ್ತೋ ಎಂದು ಆಮೇಲಿನ ದಿನಗಳಲ್ಲಿ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅದೇ ವರ್ಷ ಮೊದಲು ಮೇಷ್ಟ್ರು, ಹಿಂದೆಯೇ ಅಮ್ಮ ತೀರಿಕೊಂಡರು. ಆರು ತಿಂಗಳಿಗೆ ಮನೆಗೆ ಗಿರಾಕಿ ಸಿಕ್ಕಿದ. ಕೆಡವಿ ಪಿ.ಜಿ. ಕಟ್ಟಿಸುವವನು. ಅವನಿಗೆ ಸಾಲ ಕೊಡುವ ಬ್ಯಾಂಕಿನವರು, ಬರೀ ಉಯಿಲು ಸಾಲದು, ಅದು ನಿಜವಾದದ್ದೆಂದು ಕೋರ್ಟು ಒಪ್ಪಿದ ಪ್ರೊಬೇಟ್ ಬೇಕು ಎಂದರು. ವಕೀಲರು ಎರಡು ವಿಷಯ ಹೇಳಿದರು. ಉಯಿಲಿಗೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಕೋರ್ಟಿನಲ್ಲಿ ಹೇಳಬೇಕು. ಅಕ್ಕನಿಗೂ ನೋಟೀಸು ಹೋಗುತ್ತದೆ, ಅವಳು ತಕರಾರಿಲ್ಲವೆಂದು ಬರೆದುಕೊಟ್ಟರೆ ಬೇಗ ಮುಗಿಯುತ್ತದೆ. ಅವಳು ತಕರಾರು ತೆಗೆದರೆ ಮಾರಾಟ ಮುರಿದುಬಿದ್ದ ಹಾಗೆ.

ಇಂದಿರಾನಗರದಲ್ಲಿ ಒಂದು ಹೋಟೆಲಿನ ಮೇಲಿದ್ದ ವಕೀಲರ ಆಫೀಸಿಗೆ ಖಲೀಲ್ ಚಾಚಾರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮಧ್ಯಾಹ್ನ. ಕೆಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಕೋರ್ಟಿನಲ್ಲಿ ಏನು ಕೇಳುತ್ತಾರೆಂದು ವಕೀಲರು ಒಂದೊಂದಾಗಿ ಕೇಳತೊಡಗಿದರು.

"ಅವತ್ತು ರೂಮಲ್ಲಿ ಯಾರ್ಯಾರಿದ್ರು ಸಾಬ್ರೇ?"

"ನಾನು, ಮೇಷ್ಟ್ರು, ಮಂಚದ ಮೇಲೆ ಇವರಮ್ಮ. ಇಬ್ರು ಹೆಣ್ಮಕ್ಳು."

"ಇಬ್ರಾ?"

"ಹಾಂ ಸಾರ್. ಇವಳು ಓದ್ತಾ ಇದ್ಳು. ದೊಡ್ಡವಳು ಇವಳ ಬೆನ್ನ ಹಿಂದೆ ನಿಂತ್ಕೊಂಡು ಕಾಗದ ನೋಡ್ತಾ ಇದ್ಳು."

"ಚಾಚಾ, ಅಕ್ಕ ಅವತ್ತು ಬಂದಿರ್ಲಿಲ್ಲ. ಆಶ್ರಮದಲ್ಲಿದ್ಳು," ಎಂದೆ.

"ಏನ್ ಬೇಟಿ ನೀನು. ನಂಗೆ ವಯಸ್ಸಾಗಿದೆ, ಕಣ್ಣು ಹೋಗಿಲ್ಲ. ಹಳೇ ಹತ್ತಿ ಹೊಸ ಹತ್ತಿ ಬೆರೆಸಿದ್ರೆ ದೂರದಿಂದಾನೇ ಹೇಳ್ತೀನಿ, ನಿಮ್ಮಕ್ಕ ಗೊತ್ತಾಗಲ್ವಾ? ಹಸಿರು ಸೀರೆ ಉಟ್ಟಿದ್ಳು. ನೀನು ಆ ಮುಂದಿನ ಕೋಣೆ ಮಾತು ಓದ್ದಾಗ ನಕ್ಕಳು. ಸದ್ಯ, ಪಾಪ ಅದಕ್ಕೊಂದು ದಾರಿ ಆಯ್ತು ಅಂದ್ಕೊಂಡೆ."

ವಕೀಲರು ಕಾಗದ ಮಗುಚಿ ನೋಡಿದರು. "ಮುಂದಿನ ಕೋಣೆನಾ? ಅಂಥದ್ದೇನೂ ಇಲ್ವಲ್ಲ ಇದ್ರಲ್ಲಿ."

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ. "ಅದು ಅಮ್ಮ ಬಾಯಲ್ಲಿ ಹೇಳ್ತಾ ಇದ್ದದ್ದು ಸಾರ್. ಚಾಚಾಗೆ ಕಲಸಿ ಹೋಗಿದೆ," ಎಂದೆ. ಚಾಚಾ ನನ್ನ ಮುಖ ನೋಡಿದರು.

ವಕೀಲರು, "ಹಂಗಾದ್ರೆ ಅದನ್ನ ಎಳೀಬೇಡಿ. ಕೇಳಿದ್ದಕ್ಕಷ್ಟೇ ಹೇಳಿ. ಅಕ್ಕನೂ ಅಲ್ಲೇ ಇದ್ರು ಅಂದ್ರೆ ನಮಗಿನ್ನೂ ಒಳ್ಳೇದೇ," ಎಂದರು.

"ನಾನು ಸುಳ್ಳು ಹೇಳಲ್ಲ ಸಾರ್," ಎಂದರು ಚಾಚಾ.

"ಯಾರು ಹೇಳಿ ಅಂದ್ರು?"

ಎರಡು ದಿನದ ಮೇಲೆ ತಕರಾರಿಲ್ಲ ಎಂಬ ಪತ್ರ ಹಿಡಿದುಕೊಂಡು ಆಶ್ರಮಕ್ಕೆ ಹೋದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಚಾಚಾಗೆ ದಿನ ಅದಲುಬದಲಾಗಿರಬೇಕು, ಹಿಂದೆ ಯಾವತ್ತೋ ನೋಡಿದ್ದನ್ನು ಇಲ್ಲಿಗೆ ಸೇರಿಸಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಹೋದವಳು ಅಕ್ಕನ ಹತ್ತಿರ ಹೋಗದೆ, ಅಲ್ಲಿಯ ಉಸ್ತುವಾರಿ ಶಾಂತಮ್ಮನವರನ್ನು ಮೊದಲು ಕಂಡೆ. ನಾನು ಫೋನು ಮಾಡಿ ಬೇಡವೆಂದ ದಿನ ಅಕ್ಕ ಎಲ್ಲಿದ್ದಳು ಎಂದು ಕೇಳಿದೆ.

"ಎಲ್ಲಿಗ್ ಹೋಗ್ತಾಳೆ? ಇಲ್ಲೇ," ಎಂದರು ಶಾಂತಮ್ಮ. "ಸ್ನಾನ ಮಾಡಿ, ಹಸಿರು ಸೀರೆ ಉಟ್ಕೊಂಡು, ಚೀಲ ಹಿಡ್ಕೊಂಡು ಗೇಟ್ ಹತ್ರ ಬೆಂಚ್ ಮೇಲೆ ಕೂತಿದ್ಳು. ನೀವು ಬರಬೇಡ ಅಂದ್ರಂತೆ ಅಂದೆ. ಬೇಜಾರೂ ಮಾಡ್ಕೊಳ್ಳಿಲ್ಲ, ಎದ್ದೂ ಬರ್ಲಿಲ್ಲ. ಹನ್ನೊಂದು ಗಂಟೆ ಮೇಲೆ ಕರೆದ್ರೆ ಮಾತೇ ಇಲ್ಲ, ಕಣ್ಣು ಬಿಟ್ಕೊಂಡೇ ಇದಾಳೆ. ಮೂರ್ಛೆ ಇರ್ಬೇಕು ಅಂತ ಪಕ್ಕದಲ್ಲೇ ಕೂತಿದ್ದೆ. ಆದ್ರೆ ಕೈಕಾಲು ಸೆಳೀಲಿಲ್ಲ ನೋಡಿ. ಊಟದ ಗಂಟೆ ಹೊಡೆದಾಗ ತಾನೇ ಎದ್ದು, 'ನಂಗೆ ಹಸಿವಿಲ್ಲ, ಟೀ ಕುಡ್ದೆ' ಅಂದ್ಳು. ಟೀ ಎಲ್ಲಿಂದ ಬರ್ಬೇಕು? ನಮ್ಮಲ್ಲಿ ಟೀ ಕೊಡೋದು ನಾಲ್ಕು ಗಂಟೆಗೆ."

ನನಗೆ ಅಲ್ಲಿಂದ ಹಾಗೆಯೇ ವಾಪಸು ಹೋಗಬೇಕೆನಿಸಿತು. ಹೋಗಲಿಲ್ಲ. ಅಕ್ಕ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪತ್ರ ಕೊಟ್ಟೆ. ಓದದೆ ಸಹಿ ಹಾಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದವಳು. ನನಗೆ ಅಕ್ಷರ ಕಲಿಸಿದವಳೇ ಅವಳು. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದಳು. ಆಮೇಲೆ ಕನ್ನಡಕ ತೆಗೆದು ಹೇಳಿದಳು.

"ನೀನು ಯಾವಾಗ್ಲೂ ಬೆರಳಿಟ್ಟು ಓದ್ತೀಯ. ಅವತ್ತು ನನ್ನ ಕೋಣೆ ಸಾಲು ಬಂದಾಗ ಬೆರಳು ತೆಗೆದ್ಬಿಟ್ಟೆ."

ನಾನು ಬೆರಳು ತೆಗೆದದ್ದು ನನಗೇ ಗೊತ್ತಿರಲಿಲ್ಲ. ಅವಳು ಹೇಳಿದ ಮೇಲೆ ನೆನಪಾಯಿತು. ಆ ಸಾಲು ಹೇಳುವಾಗ ನನ್ನ ಬಲಗೈ ಸೆರಗು ಹಿಡಿದುಕೊಂಡಿತ್ತು.

"ನಿಂಗ್ಯಾರು ಹೇಳಿದ್ರು ಅಕ್ಕ?"

"ಯಾರ್ ಹೇಳ್ಬೇಕು ನಂಗೆ? ಎಲ್ಲಿ ಹಾಕ್ಲಿ ಸೈನು?"

ಜಾಗ ತೋರಿಸಿದೆ. ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಶಾಲೆಯ ಕಾಲದ ಆ ದುಂಡು ಅಕ್ಷರಗಳಲ್ಲಿ ಸಹಿ ಹಾಕಿದಳು. ಆಗಲಾದರೂ ಕಾಗದ ಹರಿದು ಹಾಕಬಹುದಿತ್ತು. ನಾನು ಅದನ್ನು ಹತ್ತಿರ ತಂದು, ಶಾಯಿ ಬೇಗ ಒಣಗಲಿ ಎಂದು ಊದಿದೆ. ಅಕ್ಕ ನೋಡುತ್ತಿದ್ದಳು.

ಕೋರ್ಟಿನಲ್ಲಿ ಚಾಚಾರನ್ನು ಕೋಣೆಯ ಸಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಯಾರಿದ್ದರು ಎಂದಾಗ, ಇಬ್ಬರು ಹೆಣ್ಣುಮಕ್ಕಳೂ ಇದ್ದರು ಎಂದರು. ಅದು ಹಾಗೆಯೇ ದಾಖಲಾಯಿತು. ಉಯಿಲು ಓದುವಾಗ ಅಕ್ಕ ಅಮ್ಮನ ಮಂಚದ ಹತ್ತಿರ ಇದ್ದಳು ಎಂದು ಈಗ ಕೋರ್ಟಿನ ಕಾಗದ ಹೇಳುತ್ತದೆ. ಆಶ್ರಮದ ಗೇಟಿನ ಪುಸ್ತಕದಲ್ಲಿ ಅವಳು ಹೊರಗೆ ಹೋದ ಗುರುತಿಲ್ಲ. ಎರಡನ್ನೂ ನಾನೇ ನೋಡಿದ್ದೇನೆ.

ಮನೆ ಮಾರಿದೆ. ಕೆ.ಆರ್. ಪುರದ ಹತ್ತಿರ ಎರಡು ಕೋಣೆಯ ಮನೆ ಕೊಂಡು ಅಕ್ಕನನ್ನು ಕರೆಯಲು ಹೋದೆ. ಬರಲಿಲ್ಲ. ಹೋಗಲಿ, ಅರ್ಧ ಹಣವನ್ನು ಅವಳ ಹೆಸರಿನಲ್ಲಿ ಇಡುತ್ತೇನೆ ಎಂದೆ. "ಅಮ್ಮ ನಂಗೆ ಕೊಟ್ಟಿದ್ದು ಕೋಣೆ ಕಣೇ, ದುಡ್ಡಲ್ಲ," ಎಂದಳು. ಮುಂದಿನ ಕೋಣೆ ನಿನಗೆಂದೇ ಇಟ್ಟಿದ್ದೇನೆ, ಬಾ ಎಂದು ಕೈ ಹಿಡಿದೆ. ಮೆಲ್ಲಗೆ ಕೈ ಬಿಡಿಸಿಕೊಂಡು, "ನಂಗೆ ಬೇಕಾದಾಗ ಬರ್ತೀನಿ ಬಿಡು," ಎಂದಳು. ಕೋಪದಿಂದ ಹೇಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೆರಳಿಲ್ಲದೆ ಓದಿದ್ದನ್ನು ಕಂಡವಳಿಗೆ ಕಾಗದದಲ್ಲಿ ಆ ಸಾಲು ಇಲ್ಲದ್ದೂ ಕಂಡಿರಲೇಬೇಕು. ಹಾಗಿದ್ದರೆ ಅಂದು ಯಾಕೆ ನಕ್ಕಳು, ಆಶ್ರಮದಲ್ಲಿ ಯಾಕೆ ಸಹಿ ಹಾಕಿದಳು? ಪ್ರತಿ ಭಾನುವಾರ ಹೋಗುತ್ತೇನೆ, ಕೇಳಲು ಬಾಯಿ ಬರುವುದಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಮಂಚ ಹಾಕಿಟ್ಟಿದ್ದೇನೆ. ಜಾಗ ಸಾಲದಿದ್ದರೂ ಹೊಲಿಗೆ ಮಿಷನ್ನನ್ನು ಅಲ್ಲಿಗೆ ಒಯ್ದಿಲ್ಲ, ಬಾಗಿಲು ಮುಂದೆ ಮಾಡಿರುತ್ತೇನೆ. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಕೆಲವು ಸಲ ಆ ಬಾಗಿಲ ಕಡೆ ನೋಡಿ, "ಒಳಗೆ ಯಾರೋ ಇದಾರೇನ್ರೀ?" ಎಂದು ಕೇಳುತ್ತಾರೆ. "ನಮ್ಮಕ್ಕ," ಎನ್ನುತ್ತೇನೆ. ಹಾಗೆ ಯಾಕೆ ಅನ್ನಿಸಿತು ನಿಮಗೆ ಎಂದು ಇದುವರೆಗೆ ಯಾರನ್ನೂ ಕೇಳಿಲ್ಲ.