ನೆಲಕ್ಕಿಟ್ಟ ಚಾಕು

ಗಜೇಂದ್ರಗಡದಲ್ಲಿ ನಾನು ಸಾಲಿ ಮಾಸ್ತರನಾಗಿದ್ದ ಕಾಲಕ್ಕೆ, ಎಡ ಮುಂಗೈ ಮೇಲೆ ಒಂದೂ ಕೂದಲಿಲ್ಲದ ಗಂಡಸರು ಊರಲ್ಲಿ ಮೂರು ಜನ ಇದ್ದೆವು. ಒಬ್ಬ ನಾನು. ಇನ್ನೊಬ್ಬ ನಮ್ಮ ಓಣಿಯ ನೇಕಾರ, ನನ್ನ ವಾರಿಗೆಯವ. ಮೂರನೆಯವರು ಹತ್ತಿ ವ್ಯಾಪಾರದ ಸಾವಕಾರರು, ನಮ್ಮಿಬ್ಬರಿಗಿಂತ ವಯಸ್ಸಿನಲ್ಲಿ ಹಿರಿಯರು, ಬುದ್ಧಿಯಲ್ಲಿ ಸರೀಕರು. ಈ ಬೋಳುಗೈ ರೋಗವೂ ಅಲ್ಲ, ಹರಕೆಯೂ ಅಲ್ಲ. ಚಾಕು ಎಷ್ಟು ಹರಿತ ಇದೆ ಎಂದು ತಿಳಿಯಬೇಕಾದರೆ ಮುಂಗೈ ಕೂದಲು ಬೋಳಿಸಿ ನೋಡಬೇಕು. ನಾವು ದಿನಾ ನೋಡುತ್ತಿದ್ದೆವು. ಸಂಜೆಯಾಯಿತೆಂದರೆ ನನ್ನ ಹೆಂಡತಿ, "ಬೋಳುಗೈ ಮಂದಿ ಕೂಡೋ ಹೊತ್ತಾತು, ಹೋಗ್ರಿ ಲಗೂ," ಎನ್ನುತ್ತಿದ್ದಳು.

ಕೂಡುತ್ತಿದ್ದದ್ದು ನೇಕಾರನ ಮನೆ ಮುಂದಿನ ಕಟ್ಟೆಯ ಮೇಲೆ. ನನ್ನ ಹತ್ತಿರ ಪೆನ್ಸಿಲ್ ಕೆತ್ತುವ ಒಂದು ಮಡಚು ಚಾಕು, ಎಲುಬಿನ ಹಿಡಿಕೆಯದು. ಸಾವಕಾರರ ಹತ್ತಿರ ಮುಂಬಯಿಯಿಂದ ತರಿಸಿದ ವಿಲಾಯತಿ ಚಾಕು, ಅದರ ಹೊಟ್ಟೆಯಲ್ಲಿ ಆರು ಅಲಗು. ಆರನೆಯದು ಅಲಗೇ ಅಲ್ಲ, ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿದ ಒಂದು ಕಬ್ಬಿಣದ ತಂತಿ. ಅದು ಯಾತಕ್ಕೆ ಎಂದು ನಾವು ಒಂದು ಇಡೀ ಬೇಸಿಗೆ ಚರ್ಚೆ ಮಾಡಿದೆವು. ಕಿವಿ ಕೆರೆಯಲಿಕ್ಕೆ ಎಂದು ನಾನು ಸಾಧಿಸಿದೆ. ಸಾವಕಾರರು ಅದನ್ನು ಹತ್ತಿ ಚೀಲಕ್ಕೆ ಚುಚ್ಚಿ, ತಿರುವಿ, ಒಳಗಿನ ಹತ್ತಿ ಹೊರಗೆಳೆದು ತೋರಿಸಿ ಗೆದ್ದರು. ಅದು ಬಾಟ್ಲಿಯ ಬೂಚು ಕೀಳುವ ತಿರುಪೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸರಕಾರ ಸೆರೆ ಮಾರುವುದನ್ನು ನಿಲ್ಲಿಸಿದ್ದ ದಾರೂಬಂದಿಯ ಕಾಲ ಅದು, ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ.

ಮಾತು ಚಾಕುವಿನಿಂದ ಸುರುವಾಗಿ ಎಲ್ಲೆಲ್ಲೋ ಹೋಗುತ್ತಿತ್ತು. ನನಗೆ ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ ಕೂಡಿಸುವ ಹುಚ್ಚು, ನೇಕಾರನಿಗೆ ಹಾರ್ಮೋನಿಯಂ ಹುಚ್ಚು, ಸಾವಕಾರರಿಗೆ ತಮ್ಮ ಹಳೆಯ ಮೋಟಾರಿನಲ್ಲಿ ತಿರುಗುವ ಹುಚ್ಚು. ರೋಣಕ್ಕೆ ಹೋಗಿ ಬಂದದ್ದನ್ನು ಅವರು ಕಾಶಿಗೆ ಹೋಗಿ ಬಂದಷ್ಟು ಹೇಳುತ್ತಿದ್ದರು. "ಪುರ್ತಗೇರಿ ದಾಟೋದ್ರಾಗ ಒಂದ್ ಎಮ್ಮಿ ಅಡ್ಡ ಬಂತು ನೋಡ್ರಿ," ಎಂದು ಸುರು ಮಾಡಿದರೆ ಆ ಎಮ್ಮೆ ರಸ್ತೆ ದಾಟುವಷ್ಟರಲ್ಲಿ ನಮ್ಮ ಚಹಾ ಆರಿಹೋಗುತ್ತಿತ್ತು. ಇಷ್ಟೆಲ್ಲ ಚಾಕುಪ್ರೇಮ ಇದ್ದರೂ ನಾನು ಪೆನ್ಸಿಲ್ ಬಿಟ್ಟು ಬೇರೇನೂ ಕೊಯ್ದವನಲ್ಲ. ಮನೆಯಲ್ಲಿ ಬದನೆಕಾಯಿ ಹೆಚ್ಚುವುದು ಈಳಿಗೆ ಮೇಲೆ, ಅದೂ ಹೆಂಡತಿ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರ ನಡುವೆ ಜಗಳ ಹತ್ತುತ್ತದೆ. ಕೊಡುವವ ನೆಲಕ್ಕಿಡಬೇಕು, ತೆಗೆದುಕೊಳ್ಳುವವ ನೆಲದಿಂದ ಎತ್ತಿಕೊಳ್ಳಬೇಕು. ಊರ ಹೆಂಗಸರೂ ಇದನ್ನು ಪಾಲಿಸುತ್ತಿದ್ದರು, ಆದರೆ ನಮ್ಮಷ್ಟು ನೇಮದಿಂದ ಪಾಲಿಸಿದವರು ಇರಲಿಕ್ಕಿಲ್ಲ.

ನಮ್ಮ ಮೂವರ ಚಾಕುಗಳಲ್ಲಿ ಖರೇ ಚಾಕು ಎಂದರೆ ನೇಕಾರನದು. ಅವನ ಅಪ್ಪನದು ಅದು. ಆ ಮುದುಕ ಮಗ್ಗದ ಮೇಲೆ ಸೀರೆ ಮುಗಿದಾಗಲೆಲ್ಲ ಹಾಸಿನ ಉದ್ದ ಎಳೆಗಳನ್ನು ಅದರಿಂದಲೇ ಕೊಯ್ದು ಸೀರೆ ಇಳಿಸುತ್ತಿದ್ದನಂತೆ. ಅವನು ತೀರಿಹೋಗಿ ಮೂರು ವರ್ಷವಾಗಿತ್ತು. ಮಗ ಕತ್ತರಿಗೆ ಬದಲಾಗಿದ್ದ, ಚಾಕು ಬರೀ ಕಟ್ಟೆಯ ಶೋಭೆಗೆ ಉಳಿದಿತ್ತು. ಆ ಬೇಸಿಗೆಯಲ್ಲಿ ನೇಕಾರನ ತಂಗಿಯ ಮದುವೆ ಗೊತ್ತಾಯಿತು. ಅವಳ ಸೀರೆಯನ್ನು ಅಣ್ಣನೇ ನೇಯುತ್ತಿದ್ದ. ಅವಳು ಕೇಳಿದ್ದು ಒಂದೇ: "ಅಣ್ಣಾ, ನನ್ನ ಸೀರಿ ಮಾತ್ರ ಅಪ್ಪನ ಚಾಕುಲೇನ ಕೊಯ್ಯಬೇಕು. ಅಪ್ಪನ ಕೈ ಹತ್ತಿದಂಗ ಆಕ್ಕತಿ."

ಅವಳು ಹೀಗಂದ ಮರುದಿನವೇ ನಾನು ಆ ಚಾಕುವನ್ನು ಕೆಡಿಸಿದೆ. ಖರೇ ಉಕ್ಕು ಮೊಳೆಯನ್ನೂ ಕಡಿಯುತ್ತದೆ ಎಂದು ಕಟ್ಟೆಯ ಮೇಲೆ ದೊಡ್ಡ ಉಪನ್ಯಾಸ ಕೊಟ್ಟು, ಬಾಗಿಲ ಮೊಳೆಗೆ ಹೊಡೆದು ತೋರಿಸಲಿಕ್ಕೆ ಹೋದೆ. ಮೊಳೆಗೆ ಏನೂ ಆಗಲಿಲ್ಲ. ಅಲಗಿನಲ್ಲಿ ಜೋಳದ ಕಾಳಿನಷ್ಟು ಚೂರು ಹಾರಿ ಹಲ್ಲು ಬಿತ್ತು. "ಮೊಳಿ ಸರಿ ಇಲ್ಲ," ಎಂದೆ. ನನ್ನ ಸ್ವಭಾವವೇ ಹಾಗೆ, ತಪ್ಪು ಒಪ್ಪಿಕೊಳ್ಳುವುದೆಂದರೆ ಹಲ್ಲು ಕಿತ್ತಿಸಿಕೊಂಡಷ್ಟು ಕಷ್ಟ. ನೇಕಾರ ಅಲಗಿನ ಮೇಲೆ ಬೆರಳಾಡಿಸಿದ. ಸಾವಕಾರರಿಗೆ ಮಾತ್ರ ಹಬ್ಬವೇ ಬಂತು. ನರಗುಂದದಲ್ಲಿ ಒಬ್ಬ ಕಂಬಾರ ಇದ್ದಾನೆ, ಎಂಥ ಹಲ್ಲು ಬಿದ್ದ ಅಲಗನ್ನೂ ಸರಿ ಮಾಡುತ್ತಾನೆ, ಮೋಟಾರು ತೆಗೆಯುತ್ತೇನೆ ಎಂದರು.

ಅವರ ಮೋಟಾರಿಗೆ ಎರಡೇ ಗುಣ. ನಿಂತರೆ ಸುರುವಾಗುವುದಿಲ್ಲ, ಸುರುವಾದರೆ ಕಾಯುವುದಿಲ್ಲ. ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಗುರ್ ಎಂದ ಕೂಡಲೇ ಎಲ್ಲಿದ್ದರೂ ಓಡಿ ಬಂದು ಹತ್ತಬೇಕು. ಮುಂದಿನ ಆಸನದಲ್ಲಿ ಸಾವಕಾರರ ಪಕ್ಕಕ್ಕೆ ಹತ್ತಿಯ ಚೀಲ, ಹಿಂದೆ ನಾವಿಬ್ಬರು. ಹೀಗೆ ರೋಣ ದಾಟಿ, ಯಾವಗಲ್ ದಾಟಿ, ಧೂಳು ಕುಡಿಯುತ್ತ ನರಗುಂದ ಮುಟ್ಟಿದೆವು.

ಕಂಬಾರ ಅಲಗನ್ನು ಬಿಸಿಲಿಗೆ ಹಿಡಿದು ನೋಡಿದ. "ಯಾವ ಶಾಣ್ಯಾ ಇದನ್ನ ಮೊಳಿಗಿ ಹೊಡದಾನ್ರಿ?" ಎಂದ. ನಾನು ನರಗುಂದದ ಗುಡ್ಡ ನೋಡುತ್ತ ನಿಂತೆ. ಅವನು ತಿಕ್ಕಿ, ಸಾಣೆ ಹಿಡಿದು, ಅದನ್ನು ಕೈಗೆ ಕೊಡದೆ ಕಲ್ಲಿನ ಮೇಲೆ ಇಟ್ಟ. ಪದ್ಧತಿ ಬಲ್ಲ ಮನುಷ್ಯ ಎಂದು ನಮಗೆ ಸಂತೋಷವಾಯಿತು. ಮೂವರೂ ಸರದಿಯಿಂದ ಮುಂಗೈಗೆ ಹಿಡಿದು ನೋಡಬೇಕೆಂದರೆ ಯಾರ ಕೈಯಲ್ಲೂ ಕೂದಲು ಉಳಿದಿರಲಿಲ್ಲ.

ಬರುವಾಗ ಯಾವಗಲ್ ಹತ್ತಿರ ಮೋಟಾರಿನ ನೀರು ಕುದಿದು ಅದು ತಾನಾಗಿಯೇ ನಿಂತಿತು. ಹಳ್ಳದ ದಂಡೆಗೆ ಒಬ್ಬ ಅಜ್ಜಿ ಕಲ್ಲಂಗಡಿ ಮಾರುತ್ತ ಕೂತಿದ್ದಳು. ಒಂದು ಹಣ್ಣು ಕೊಂಡು ಜಾಲಿ ಗಿಡದ ನೆರಳಿಗೆ ಕೂತೆವು. ನೇಕಾರ ಚಾಕು ಮುಟ್ಟಿಸಿದ್ದೇ ತಡ, ಹಣ್ಣು ಸರಕ್ಕನೆ ಬಿರಿಯಿತು. ಮೂವರೂ "ಆಹಾ" ಎಂದೆವು. ಅವನು ಅಲಗನ್ನು ಧೋತರಕ್ಕೆ ಒರೆಸಿ, ನನ್ನ ಮುಂದೆ ನೆಲಕ್ಕಿಟ್ಟು, "ಮಾಸ್ತರ, ನೀವೂ ಒಂದ್ ಹೋಳು ಕೊಯ್ದು ನೋಡ್ರಿ," ಎಂದ. ನನ್ನ ಎರಡೂ ಕೈಯಲ್ಲಿ ಕಲ್ಲಂಗಡಿ, ಗದ್ದದಿಂದ ರಸ ಸೋರುತ್ತಿತ್ತು. ಅಷ್ಟರಲ್ಲಿ ಸಾವಕಾರರು ಎದ್ದು ಹೋಗಿ, ನೀರು ಹಾಕಿ ಹ್ಯಾಂಡಲ್ ತಿರುವಿದ್ದರು, ಮೋಟಾರು ಗುರ್ ಎಂದಿತು. "ಹತ್ರಿ! ಹತ್ರಿ! ಮತ್ತ ನಿಂತರ ನಾ ಹೊಣಿ ಅಲ್ಲ!" ಎಂದು ಸಾವಕಾರರು ಕೂಗಿದರು. ಬಿದ್ದು ಎದ್ದು ಓಡಿ ಹತ್ತಿದೆವು.

ರೋಣದಲ್ಲಿ ಚಹಾದ ಅಂಗಡಿ ಮುಂದೆ ಇಳಿದಾಗ ನೇಕಾರ, "ಮಾಸ್ತರ, ಇನ್ನ ಚಾಕು ಇಡ್ರಿ," ಎಂದ.

"ಯಾವ ಚಾಕು?"

"ನಿಮ್ಮ ಮುಂದ ಇಟ್ಟೆನಲ್ರಿ!"

"ಇಟ್ಟಿ. ನಾ ಎಲ್ಲಿ ಎತ್ತೀನಿ? ನೆಲಕ್ಕಿಟ್ಟ ಚಾಕು ಎತ್ತೋತನಕ ಇಟ್ಟಾಂವಂದು."

"ಏನ್ರಿ ಹಂಗಂದ್ರ? ಇಟ್ಟ ಕೂಡ್ಲೆ ಅದು ಮುಂದ ಕುಂತಾಂವಂದು!"

ನಡುರಸ್ತೆಯಲ್ಲಿ ನಿಂತು ನಾನು ಪದ್ಧತಿಯ ಮೇಲೆ ಅರ್ಧ ತಾಸು ವಾದ ಮಾಡಿದೆ. ಅಂಗಡಿಯ ಮಂದಿ ಎರಡು ಪಕ್ಷವಾಗಿ ತೀರ್ಪು ಕೊಡಲಿಕ್ಕೆ ಕೂತರು. ಕೊನೆಗೆ ಒಬ್ಬ ಮುದುಕ ಬೀಡಿ ಆರಿಸಿ, "ಚಾಕು ಎಲ್ಲಿ ಬಿಟ್ಟೀರಿ?" ಎಂದ. ಯಾವಗಲ್ ಹತ್ತಿರ ಎಂದೆವು. "ಮತ್ತ ಇಲ್ಲಿ ಯಾಕ ಹುಡುಕಾಕತ್ತೀರಿ?" ಎಂದ.

ಆಗ ನೇಕಾರನ ಸಿಟ್ಟು ಸರ್ರನೆ ಇಳಿಯಿತು. ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತು, "ತಂಗಿಗೆ ಏನಂತ ಹೇಳ್ಲಿ ನಾ?" ಎಂದ. ಅವಳು ಕೇಳಿದ್ದು ಅದೊಂದೇ. ತಪ್ಪಾಯ್ತು ಎನ್ನಬೇಕೆಂದು ಬಾಯಿ ತೆಗೆದೆ, ಹೊರಗೆ ಬಂದದ್ದು, "ನೀ ಇಡಬಾರದಿತ್ತು," ಎಂಬ ಮಾತು. ಅವನು ಮತ್ತೆ ನನ್ನ ಮುಖ ನೋಡಲಿಲ್ಲ.

ಮೋಟಾರು ಹಿಂದಕ್ಕೆ ಹೊರಟಿತು. ಒಂದೇ ಆಸನದಲ್ಲಿ ನಾನು ಬಲಗಡೆ ಹೊಲ ನೋಡುತ್ತ, ಅವನು ಎಡಗಡೆ ಹೊಲ ನೋಡುತ್ತ ಕೂತೆವು. ಮಾತೆಲ್ಲ ಸಾವಕಾರರ ಮುಖಾಂತರ.

"ಸಾವಕಾರ್ರ, ಮಾಸ್ತರಿಗೆ ಕಾಲು ಸರಿಸಾಕ ಹೇಳ್ರಿ."

"ಸಾವಕಾರ್ರ, ನನ್ನ ಕಾಲು ನನ್ನ ಜಾಗಾದಾಗ ಐತಿ ಅಂತ ಹೇಳ್ರಿ."

"ನಾ ಮೋಟಾರು ಹೊಡೀಲೋ, ಟಪಾಲು ಹಂಚಲೋ?" ಎಂದು ಸಾವಕಾರರು ಒದರಿದರು.

ಹಳ್ಳದ ದಂಡೆಗೆ ಬಂದಾಗ ಜಾಲಿ ಗಿಡದ ಕೆಳಗೆ ಬರೀ ಇರುವೆ. ನೇಕಾರ ಮೊಳಕಾಲೂರಿ ಹುಲ್ಲು ಸರಿಸಿ ಸರಿಸಿ ಹುಡುಕಿದ. ಅಷ್ಟರಲ್ಲಿ ಸಾವಕಾರರು ಅಜ್ಜಿಯ ಕಡೆ ಬೆರಳು ತೋರಿಸಿದರು. ಆಕೆ ಎಮ್ಮೆಯ ಮುಂದೆ ಕೂತು ನಾವು ತಿಂದು ಒಗೆದ ಕಲ್ಲಂಗಡಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ತಿನ್ನಿಸುತ್ತಿದ್ದಳು, ನೇಕಾರನ ಅಪ್ಪನ ಚಾಕುವಿನಿಂದ.

"ಸಿಪ್ಪಿ ಆರಸಾಕ ಹೋಗಿದ್ದೆ, ಸಿಕ್ತು. ಭಾಳ ಚಲೋ ಹರಿತ ಐತಿ. ನಿಮ್ದೇನು? ತಗೋರಿ," ಎಂದು ಚಾಕು ಚಾಚಿದಳು.

ನೇಕಾರ ಕೈ ಹಿಂದಕ್ಕೆ ಎಳೆದುಕೊಂಡ. "ಕೆಳಗಿಡಬೇ ಯವ್ವಾ."

"ಯಾಕ?"

"ಕೈಯಾಗ ಕೊಟ್ರ ಜಗಳ ಹತ್ತತೈತಿ," ಎಂದೆ ನಾನು, ಪಾಠ ಹೇಳುವ ದನಿಯಲ್ಲಿ.

ಅಜ್ಜಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. "ಈಗೇನ್ ಮುದ್ದಾಡಕೋತ ಬಂದೀರೇನು? ಒಬ್ಬನ ಮಾರಿ ಮೂಡಲಕ್ಕ, ಒಬ್ಬನ ಮಾರಿ ಪಡುವಲಕ್ಕ. ಕೆಳಗಿಟ್ಟಿದ್ದಕ್ಕ ಅಲ್ಲೇನ್ರೋ ಕಳಕೊಂಡಿದ್ದು?" ಎಂದು ನೇಕಾರನ ಕೈ ಹಿಡಿದೆಳೆದು ಚಾಕುವನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ನಾವು ಮೂವರೂ ಸಿಡಿಲು ಬೀಳುತ್ತದೆಂದು ಕಾದೆವು. ಎಮ್ಮೆ ಸಿಪ್ಪೆ ತಿನ್ನುತ್ತಲೇ ಇತ್ತು.

ಚಾಕು ಸಿಕ್ಕಿತು, ಮಾತು ಸಿಗಲಿಲ್ಲ. ನಾಲ್ಕು ಸಂಜೆ ನಾನು ಕಟ್ಟೆಗೆ ಹೋಗಲಿಲ್ಲ. ಮನೆಯಲ್ಲಿ ಕಡ್ಡಿಪೆಟ್ಟಿಗೆ ಚಿತ್ರ ಅಂಟಿಸುತ್ತ ಕೂತೆ, ಎಲ್ಲಾ ಸೊಟ್ಟಗೆ ಅಂಟಿದವು. ಐದನೆಯ ದಿನ ನೇಕಾರ ಸಾವಕಾರರ ಕೈಯಲ್ಲಿ ಹೇಳಿ ಕಳಿಸಿದ: ಸೀರೆ ಮುಗಿದಿದೆ, ಬರಬೇಕಂತೆ.

ಹೋದೆ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು, ಸಾವಕಾರರು ನನ್ನ ಹಿಂದೆಯೇ ಬಂದರು. ದಾರಿಯಲ್ಲಿ ಆದದ್ದನ್ನು ಅವಳಿಗೆ ಹೇಳಬಾರದೆಂದು ಯಾವಗಲ್‌ನಲ್ಲೇ ಸಾವಕಾರರ ಮುಖಾಂತರ ಮಾತಾಗಿತ್ತು, ಅದೇ ಸಾವಕಾರರು ಅವತ್ತು ಸಂಜೆಯೇ ಎಮ್ಮೆಯ ಸಮೇತ ಹೇಳಿ ಮುಗಿಸಿದ್ದರು. ನೇಕಾರ ಚಾಕು ಎತ್ತಿ, ಹಿಡಿಕೆಯನ್ನು ನನ್ನ ಕಡೆ ಮಾಡಿ ಚಾಚಿದ. "ನೀವ ಕೊಯ್ರಿ," ಎಂದ. ಅವನು ಕೆಳಗಿಡಲೆಂದು ನಾನು ರೂಢಿಯಂತೆ ನೆಲ ನೋಡುತ್ತ ನಿಂತೆ. ಅವನು ಇಡಲಿಲ್ಲ.

"ಮೊಳಿಗಿ ಹೊಡದಾಂವ ನಾನ," ಎಂದೆ.

"ಗೊತ್ತೈತಿ."

"ಎತ್ತಿಕೊಬೇಕಾದಾಂವನೂ ನಾನ."

"ಅದೂ ಗೊತ್ತೈತಿ. ಹಿಡೀರಿ, ಕೈ ಸೋತು ಬಂತು."

ಹಿಡಿದೆ. ಹಿಡಿಕೆ ಅವನ ಕೈಯಿಂದ ಬೆಚ್ಚಗಾಗಿತ್ತು. ಇಷ್ಟು ವರ್ಷ ಚಾಕುವಿನ ಮೇಲೆ ಉಪನ್ಯಾಸ ಕೊಟ್ಟವ ನಾನು, ಪೆನ್ಸಿಲ್ ಅಲ್ಲದ್ದನ್ನು ಮೊದಲ ಸಲ ಕೊಯ್ಯಲಿಕ್ಕೆ ಬಗ್ಗಿದೆ. ಎಳೆಗಳನ್ನು ಕೊಯ್ಯುತ್ತ ಹೋದೆ, ಚಾಕು ತನ್ನ ದಾರಿ ತಾನು ಹಿಡಿಯಿತು. ಮುಗಿದ ಮೇಲೆ ನೋಡಿದರೆ ಸೆರಗಿನ ಎಳೆ ಒಂದು ತುದಿಗೆ ಗೇಣುದ್ದ, ಇನ್ನೊಂದು ತುದಿಗೆ ಬೆರಳುದ್ದ.

"ಬೆಳಕು ಸಾಲದು," ಎಂದೆ.

"ಕುಣೀಲಾರದಾಕಿ ನೆಲಾ ಡೊಂಕಂದ್ಲಂತ," ಎಂದರು ಸಾವಕಾರರು.

ನೇಕಾರ ನಕ್ಕು, ಸಮ ಮಾಡಲಿಕ್ಕೆ ಕತ್ತರಿ ತೆಗೆದುಕೊಂಡ. ತಂಗಿ ಒಂದೇ ಹೆಜ್ಜೆಗೆ ಬಂದು ಸೀರೆಯನ್ನು ಎದೆಗೆ ಅವಚಿಕೊಂಡಳು. ಡೊಂಕು ಎಳೆಗಳನ್ನು ಬೆರಳಲ್ಲಿ ಸವರಿದಳು. ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಇರಲಿ ಬಿಡಣ್ಣಾ. ಅಪ್ಪನೂ ಹಿಂಗ ಡೊಂಕ ಕೊಯ್ತಿದ್ದ."

ನೇಕಾರ ಕತ್ತರಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.